ಜೇಬಿನ ಚಾಕು

ಮೊನ್ನೆ ಬೀಗರ ಮನೆಯಲ್ಲಿ ಮಾವಿನಹಣ್ಣಿನ ಬುಟ್ಟಿಯ ಹುರಿ ಬಿಚ್ಚಲಾಗದೆ ಎಲ್ಲರೂ ಒದ್ದಾಡುತ್ತಿದ್ದರು. ನಾನು ಜೇಬಿನಿಂದ ಮಡಚುವ ಚಾಕು ತೆಗೆದೆ. ಬೀಗರು ಎರಡು ಹೆಜ್ಜೆ ಹಿಂದೆ ಸರಿದು, "ಏನು ರಾಯರೇ, ಇದನ್ನಿಟ್ಕೊಂಡು ಓಡಾಡ್ತೀರಾ?" ಎಂದರು. ಅವರ ಅಡುಗೆಮನೆಯ ಈಳಿಗೆಮಣೆ ಇದರ ಮೂರರಷ್ಟಿದೆ! ಹುರಿ ಕೊಯ್ದ ಮೇಲೆ ಹಣ್ಣು ಹೆಚ್ಚಿಕೊಡಿ ಎಂದವರೂ ಅವರೇ, ಅದಿರಲಿ.

ಈ ಹೆದರಿಕೆಯನ್ನು ಕಲಿಸಿದವರು ಯಾರು? ಆಯುಧ ನಿಯಮಗಳ ಪಟ್ಟಿ ಹೇಳುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಮಾತು. ನನ್ನದು 3 ಅಂಗುಲದ್ದು, ಜಪಾನಿನ ಹಿಗೊನೊಕಾಮಿ. ಮಿಕಿ ಎಂಬ ಊರಿನ ಕಮ್ಮಾರರ ಕೆಲಸ. ಸ್ಪ್ರಿಂಗಿಲ್ಲ, ಕೊಕ್ಕೆಯಿಲ್ಲ, ಅಲಗಿನ ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಸರಿ. ಅಲ್ಲಿನ ಶಾಲೆಯ ಹುಡುಗರು ಇದರಲ್ಲೇ ಪೆನ್ಸಿಲ್ ಹೆರೆಯುತ್ತಿದ್ದರು. 1960ರ ಅಕ್ಟೋಬರಿನಲ್ಲಿ ಟೋಕಿಯೋದ ವೇದಿಕೆಯೊಂದರ ಮೇಲೆ ಸಮಾಜವಾದಿ ನಾಯಕ ಅಸಾನುಮಾ ಅವರನ್ನು 17 ವರ್ಷದ ಹುಡುಗನೊಬ್ಬ ಇರಿದು ಕೊಂದ. ಆಮೇಲೆ ಮಕ್ಕಳಿಗೆ ಚಾಕು ಕೊಡಬೇಡಿರೆಂಬ ಚಳವಳಿ ಎದ್ದಿತು. ಕೊಂದದ್ದು ಗಿಡ್ಡ ಖಡ್ಗ, ಶಿಕ್ಷೆಯಾದದ್ದು ಪೆನ್ಸಿಲ್ ಚಾಕುವಿಗೆ.

ನನ್ನಂಥ ಸಂಗ್ರಾಹಕರದ್ದೂ ತಪ್ಪಿದೆ. ಎಣ್ಣೆ ಹಚ್ಚಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಬಂದವರಿಗೆ ದೂರದಿಂದ ತೋರಿಸುತ್ತಾರೆ. ಕೆಲಸ ಮಾಡುವುದನ್ನು ಕಾಣದವರಿಗೆ ಚಾಕು ಆಯುಧವಾಗಿ ಕಾಣದೆ ಇನ್ನೇನಾಗಿ ಕಂಡೀತು? ನನ್ನ 11 ಚಾಕುಗಳೂ ಸರದಿಯ ಮೇಲೆ ಜೇಬಿಗೆ ಬರುತ್ತವೆ. ಬೀಗರ ಮಾವಿನ ಹುಳಿ ತಾಗಿ ಹಿಗೊನೊಕಾಮಿಯ ಅಲಗಿನ ಮೇಲೆ ನೀಲಿಗಪ್ಪು ಕಲೆ ಕೂತಿದೆ. ಒರೆಸಿದೆ, ಉಜ್ಜಿ ತೆಗೆಯಲು ಹೋಗಲಿಲ್ಲ.