ನಕ್ಸಲ್ ಚರಿತ್ರೆಯಲ್ಲಿ ಪಾವಗಡ ಏಕಿಲ್ಲ?



ಕರ್ನಾಟಕ ‘ನಕ್ಸಲ್ ಮುಕ್ತ’ವಾದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಓದಿದೆ. ಕುದುರೆಮುಖ, ಶೃಂಗೇರಿ, ಹೆಬ್ರಿ ಎಲ್ಲವೂ ಅದರಲ್ಲಿವೆ. 2024ರ ನವೆಂಬರಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದದ್ದು, 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಮುಖ್ಯಮಂತ್ರಿಯವರ ಎದುರು ಶರಣಾದದ್ದೂ ಇದೆ. ತುಮಕೂರು ಜಿಲ್ಲೆಯ ಪಾವಗಡದ ಸುದ್ದಿಯೇ ಇಲ್ಲ. ನನ್ನ ತಕರಾರು ಇದಕ್ಕೇ.

2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ನಾಲ್ಕೇ ದಿನಕ್ಕೆ, 10ರ ರಾತ್ರಿ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ಮಾವೋವಾದಿಗಳು ಮುಗಿಬಿದ್ದರು. ಹಲವು ಪೊಲೀಸರ ಜೊತೆಗೆ ಒಬ್ಬ ನಾಗರಿಕನೂ ಸತ್ತ. ಸಾವು ಮಲೆನಾಡಿನಲ್ಲಿ, ಸೇಡು ನಮ್ಮ ಬಯಲುಸೀಮೆಯಲ್ಲಿ! ಇದನ್ನು ಕ್ರಾಂತಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಪೊಲೀಸ್ ಕ್ಯಾಂಪಿಗೆ ಮಕ್ಕಳು ಓದುವ ಶಾಲೆಯೇ ಬೇಕಿತ್ತೇ ಎಂದೂ ಕೇಳಬೇಕಾಗುತ್ತದೆ.

ಪಾವಗಡವನ್ನು ಬಹುಪಾಲು ಸುತ್ತುವರಿದಿರುವುದು ಆಂಧ್ರ. ಅಲ್ಲಿ ಏನಾಗುತ್ತಿತ್ತು ಎಂದು ನೋಡದೆ ಈ ದಾಳಿ ಅರ್ಥವಾಗದು. 2004ರ ಸೆಪ್ಟೆಂಬರಿನಲ್ಲಿ ಪೀಪಲ್ಸ್ ವಾರ್ ಮತ್ತು ಎಂಸಿಸಿ ಎಂಬ ನಕ್ಸಲ್ ಸಂಘಟನೆಗಳು ಒಂದಾಗಿ ಮಾವೋವಾದಿ ಪಕ್ಷ ಹುಟ್ಟಿತು. ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರೊಂದಿಗೆ ಆಂಧ್ರ ಸರ್ಕಾರ ಮಾತುಕತೆಗೆ ಕುಳಿತಿತು; 2005ರ ಜನವರಿ ಹೊತ್ತಿಗೆ ಅದು ಮುರಿದುಬಿತ್ತು. ಅದೇ ಜನವರಿ 24ರಂದು ಅನಂತಪುರದಲ್ಲಿ ತೆಲುಗುದೇಶಂ ನಾಯಕ ಪರಿಟಾಲ ರವಿ ಕೊಲೆ. ಅವರ ತಂದೆ ಶ್ರೀರಾಮುಲು ನಕ್ಸಲ್ ಚಳವಳಿಯಲ್ಲಿದ್ದು ಹತರಾದವರು. ಬರ, ಜಮೀನು, ಮನೆತನಗಳ ಹಗೆ, ನಕ್ಸಲರು ಎಲ್ಲವೂ ಹೆಣೆದುಕೊಂಡ ಸೀಮೆ ಇದು.

ಗಡಿಯಾಚೆ ಆಂಧ್ರದ ಮಡಕಶಿರಾ ಬಳಿಯಿರುವ ನಮ್ಮ ಗುಡಿಬಂಡೆಯ ಕನ್ನಡಿಗರಿಗೆ ಪಾವಗಡ ಹೆಣ್ಣು ಕೊಟ್ಟು ತಂದ ಊರು. ದಾಳಿಯಾದ ಮೇಲೆ ಪೊಲೀಸರು ನಮ್ಮನ್ನು ಬಸ್ಸಿನಿಂದ ಇಳಿಸಿ ಚೀಲ ಬಿಚ್ಚಿಸುತ್ತಿದ್ದರು. ಬೀಗರ ಮನೆಗೆಂದು ಕಟ್ಟಿಕೊಂಡ ಶೇಂಗಾ ಬುತ್ತಿಯನ್ನೂ ಸುರಿಸಿ ನೋಡಿದ್ದನ್ನು ಕಂಡಿದ್ದೇನೆ. ಆ ಕಡೆಯವರಿಗೆ ನಾವು ಆಂಧ್ರದವರು, ಈ ಕಡೆಯವರಿಗೆ ಕನ್ನಡದವರು. ಇಬ್ಬರಿಗೂ ಅನುಮಾನ.

ಹದಿನಾಲ್ಕು ವರ್ಷ ಕಳೆದು, 2019ರಲ್ಲಿ, ವೆಂಕಟಮ್ಮನಹಳ್ಳಿ ಪ್ರಕರಣದ ಆರೋಪಿಯೆಂದು ತೆಲುಗು ಕವಿ ವರವರ ರಾವ್ ಅವರನ್ನು ಪುಣೆಯ ಜೈಲಿನಿಂದ ಪಾವಗಡದ ಕೋರ್ಟಿಗೆ ಕರೆತಂದರು. ನ್ಯಾಯ ಇಷ್ಟು ನಿಧಾನವಾದರೆ ಸತ್ತವರ ಮನೆಯವರು ಏನೆಂದು ತಿಳಿಯಬೇಕು? ಆರೋಪ ಹೊತ್ತವರಾದರೂ ಎಷ್ಟು ಕಾಲ ಕಾಯಬೇಕು?

ಶರಣಾದವರಿಗೆ ಸರ್ಕಾರ ಪ್ಯಾಕೇಜ್ ಕೊಡುವುದಕ್ಕೆ ನನ್ನ ವಿರೋಧವಿಲ್ಲ, ಬಂದೂಕು ಕೆಳಗಿಟ್ಟವರು ಬದುಕಲಿ. ಜೊತೆಗೆ ವೆಂಕಟಮ್ಮನಹಳ್ಳಿಯ ದಾಳಿಯ ಪೂರ್ಣ ವಿವರವನ್ನು, ಭದ್ರತೆಯಲ್ಲಾದ ಲೋಪ ಸಹಿತ, ಕರ್ನಾಟಕ ಸರ್ಕಾರ ಕನ್ನಡದಲ್ಲಿ ಪ್ರಕಟಿಸಲಿ. ತಮ್ಮ ಪತ್ರಿಕೆಯೂ ಒಬ್ಬ ವರದಿಗಾರರನ್ನು ಆ ಊರಿಗೆ ಕಳಿಸಿ, ಅಂದಿನ ರಾತ್ರಿ ಕಂಡವರ ಮಾತು ಬರೆಸಲಿ.

— ಒಬ್ಬ ಓದುಗ, ಗುಡಿಬಂಡೆ, ಮಡಕಶಿರಾ