ಹೊಳಪಿಗಾಗಿ ಕಳೆದುಕೊಂಡ ಅಕ್ಷರಗಳು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಅಜ್ಜನ ಪೆಟ್ಟಿಗೆಯಲ್ಲಿ ಹತ್ತಾರು ತಾಮ್ರದ ಕಾಸುಗಳೂ ಕೆಲವು ಬೆಳ್ಳಿಯ ರೂಪಾಯಿಗಳೂ ದೊರೆತವಂತೆ. “ಎಲ್ಲಾ ಕಪ್ಪಗಾಗಿವೆ ಸಾರ್, ಹುಣಸೆಹಣ್ಣು ಹಾಕಿ ತಿಕ್ಕಿಬಿಡಲೇ?” ಎಂದು ಕೇಳಿದ. “ಬೇಡಪ್ಪ, ದಯವಿಟ್ಟು ಬೇಡ” ಎಂದೆ. ಅಷ್ಟು ಅವಸರದಿಂದ ತಡೆದುದಕ್ಕೆ ಕಾರಣ ನನ್ನದೇ ಒಂದು ತಪ್ಪು.

ನನ್ನ ತರಗತಿಯಲ್ಲಿ ಕುಳಿತವರಿಗೆ ಆ ಆನೆಯ ಕಾಸು ನೆನಪಿರಬಹುದು. ಟಿಪ್ಪುವಿನ ಕಾಲದ (1782–1799) ತಾಮ್ರದ ಪೈಸೆ; ನಮ್ಮ ಅಜ್ಜಿಯಿಂದ ನನಗೆ ಬಂದದ್ದು. ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಪ್ರತಿವರ್ಷ ಶಾಲೆಯ ವಸ್ತುಪ್ರದರ್ಶನಕ್ಕೆ ಮುನ್ನ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗುತ್ತಿದ್ದೆ. ಚೆನ್ನಾಗಿ ಬೆಳಗಿದ ಹುಡುಗನಿಗೆ ಶಹಬಾಸ್ ಎಂದದ್ದೂ ಉಂಟು. ಒಮ್ಮೆ ಒಬ್ಬ ಹುಡುಗಿ, “ಹಿಂದಿನ ಅಕ್ಷರ ಹೋದ ವರ್ಷದಷ್ಟು ಕಾಣುತ್ತಿಲ್ಲ ಸಾರ್” ಎಂದಳು. ನಾನು ಗದರಿ ಕೂರಿಸಿದೆ. ಅವಳ ಮಾತೇ ನಿಜವಾಗಿತ್ತು. ಇಂದು ಆನೆ ಮಸುಕಾಗಿ ಉಳಿದಿದೆ, ಅಕ್ಷರಗಳು ಇಲ್ಲ. ಆ ಪೈಸೆ ಪಟ್ಟಣದಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದೋ, ನಗರದಲ್ಲೋ, ಬೆಂಗಳೂರಿನಲ್ಲೋ ಎಂಬುದನ್ನು ಇನ್ನು ಯಾರೂ ಹೇಳಲಾರರು.

ತಾಮ್ರದ ಮೇಲಿನ ಗಟ್ಟಿಯಾದ ಕಂದು ಪದರ ಕೊಳೆಯಲ್ಲ. ಲೋಹವು ಗಾಳಿಯೊಡನೆ ನಿಧಾನವಾಗಿ ಬೆರೆತು ತಾನೇ ಹೊದ್ದ ಹೊದಿಕೆ ಅದು. ಒಳಗಿನ ತಾಮ್ರವನ್ನು ಕಾಯುತ್ತದೆ. ಹುಣಸೆಯ ಆಮ್ಲ ಆ ಹೊದಿಕೆಯನ್ನು ಕರಗಿಸುತ್ತದೆ, ಬೂದಿ ಲೋಹವನ್ನೇ ತೇಯುತ್ತದೆ. ಬಯಲಾದ ತಾಮ್ರ ಮತ್ತೆ ಕಪ್ಪಾಗುತ್ತದೆ, ನಾವು ಮತ್ತೆ ತಿಕ್ಕುತ್ತೇವೆ. ಬೆಳ್ಳಿಯದೂ ಇದೇ ಕಥೆ. ಗಾಳಿಯಲ್ಲಿನ ಗಂಧಕದ ಅಂಶ ತಗುಲಿ ಬೆಳ್ಳಿ ಕಪ್ಪಾಗುತ್ತದೆ. ವಿಭೂತಿಯಲ್ಲಿ ಉಜ್ಜಿದರೆ ಆ ಕಪ್ಪಿನ ಜೊತೆಗೆ ಬೆಳ್ಳಿಯೂ ಒಂದಿಷ್ಟು ಹೋಗುತ್ತದೆ. ನಾಣ್ಯಸಂಗ್ರಾಹಕರು ಹೀಗೆ ತಿಕ್ಕಿದ ನಾಣ್ಯಕ್ಕೆ ಬೆಲೆ ಕಡಿಮೆ ಕಟ್ಟುವುದು ಸುಮ್ಮನೆ ಅಲ್ಲ.

ಹಾಗಾದರೆ ಮಣ್ಣು, ಜಿಡ್ಡನ್ನೂ ಹಾಗೆಯೇ ಬಿಡಬೇಕೆ ಎಂದು ನೀವು ಕೇಳಬಹುದು. ಬೇಕಿಲ್ಲ. ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟು, ತಿಕ್ಕದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿಸಿದರೆ ಸಾಕು. ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಎಚ್ಚರ. ಅದು ಲೋಹವನ್ನು ತಿನ್ನುವ ರೋಗ. ಅಂಥ ನಾಣ್ಯವನ್ನು ಬೇರೆಯಾಗಿಟ್ಟು ಬಲ್ಲವರಿಗೆ ತೋರಿಸಬೇಕು. ನೆಲದಿಂದ ತೆಗೆದ ನಿಧಿಯನ್ನು ವಸ್ತುಸಂಗ್ರಹಾಲಯದವರು ಶುಚಿಗೊಳಿಸುವುದು ಓದುವುದಕ್ಕಾಗಿ. ನಾವು ತಿಕ್ಕುವುದು ಹೊಳಪಿಗಾಗಿ. ಈ ವ್ಯತ್ಯಾಸ ಸಣ್ಣದಲ್ಲ.

ದಿನಬಳಕೆಯ ತಂಬಿಗೆಯನ್ನು ಬೆಳಗೋಣ, ಅದು ಇರುವುದೇ ಹಾಗೆ ಬಳಸಲು. ನಾಣ್ಯವಾದರೋ ಅಂಗೈಯಗಲದ ಶಾಸನ. ಶಾಸನದ ಕಲ್ಲನ್ನು ಹೊಸದಾಗಿ ಕಾಣಲೆಂದು ಯಾರೂ ಉಳಿಯಿಂದ ಕೆತ್ತುವುದಿಲ್ಲವಷ್ಟೆ.

ಅಂದು ನಾನು ಗದರಿದ ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಇದನ್ನು ಓದುತ್ತಿದ್ದರೆ, ಅಮ್ಮಾ, ನೀನು ಸರಿಯಾಗಿ ನೋಡಿದ್ದೆ, ನಿನ್ನ ಮೇಷ್ಟ್ರು ನೋಡಲಿಲ್ಲ. ಉಳಿದವರಲ್ಲಿ ನನ್ನದೊಂದೇ ಕೋರಿಕೆ: ಅಜ್ಜನ ಪೆಟ್ಟಿಗೆ ತೆರೆದಾಗ ಕಾಸನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆಯಾಗಿಸಿ, ಮೊದಲು ಓದಿ.