ರಂಗದೆದುರಿನ ಮಿಂಚು

ಈಚೆಗೆ ಒಂದು ಸಂಜೆ ಭರತನಾಟ್ಯ ನೋಡಲು ಹೋಗಿದ್ದೆ. ಕಲಾವಿದೆ ಪದವೊಂದನ್ನು ಅಭಿನಯಿಸುತ್ತಿದ್ದರು. ವಿರಹಿಣಿಯ ಕಣ್ಣು ಮೆಲ್ಲನೆ ಬಾಗಿಲತ್ತ ಹೊರಳಿದ ಗಳಿಗೆಯಲ್ಲಿ ಸಭೆಯಿಂದ ಫಕ್ಕನೆ ಬೆಳಕೊಂದು ಮಿಂಚಿತು. ಆಕೆಯ ರೆಪ್ಪೆ ಅದುರಿತು, ಭಾವ ಮುರಿಯಿತು. ಮಿಂಚಿಸಿದವನು ನಾನೇ.

ಇಂದು ಪ್ರೇಕ್ಷಕರೆಲ್ಲರ ಕೈಯಲ್ಲೂ ಮೊಬೈಲ್ ಇದೆ; ನನ್ನ ತಪ್ಪು ನನ್ನೊಬ್ಬನದಾಗಿ ಉಳಿದಿಲ್ಲ. ಕಾನೂನಾದರೋ ಅರ್ಧದಾರಿಯಲ್ಲಿ ನಿಂತಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ರಂಗದ ಕಲಾವಿದರಿಗೂ ಹಕ್ಕನ್ನು ಕೊಟ್ಟಿತು. 2012ರ ತಿದ್ದುಪಡಿ ಅದನ್ನು ವಿಸ್ತರಿಸಿತು. ಆದರೆ ಅಲ್ಲಿ ದೃಶ್ಯಮುದ್ರಣವೆಂದರೆ ಚಲಿಸುವ ಚಿತ್ರ. ನಿಶ್ಚಲ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. ವರ್ಷಗಟ್ಟಲೆ ಸಾಧಿಸಿದ ಭಂಗಿ ಒಬ್ಬರದು, ಅದರ ಚಿತ್ರ ಇನ್ನೊಬ್ಬರದು!

ಹಾಗೆಂದು ಚಿತ್ರವೇ ಬೇಡವೆನ್ನಲಾಗದು. ಕಡಲ ದಂಡೆಯಲ್ಲಿ, ವ್ಯಾಸರಾಯರದೆನ್ನುವ ಕನ್ನಡ ಪದವೊಂದಕ್ಕೆ ಬಾಲಸರಸ್ವತಿಯವರು ಅಭಿನಯಿಸಿದ್ದನ್ನು ಸತ್ಯಜಿತ್ ರಾಯ್ 1976ರ ತಮ್ಮ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದರು. ಆಕೆಯನ್ನು ರಂಗದ ಮೇಲೆ ಕಾಣದ ನನ್ನಂಥವರಿಗೆ ಅದೇ ಭಾಗ್ಯ. ಆದರೆ ಅಲ್ಲಿ ಕಲಾವಿದೆ ಕ್ಯಾಮೆರಾವನ್ನು ಬಲ್ಲರು, ಅದಕ್ಕೆಂದೇ ನರ್ತಿಸಿದರು. ನಾನು ಕದ್ದ ಗಳಿಗೆಗೆ ಅಂಥ ಸಮ್ಮತಿಯಿರಲಿಲ್ಲ.

ನರ್ತಕಿಯ ಕಣ್ಣು ಕತ್ತಲಲ್ಲಿ ಕುಳಿತ ನಮ್ಮೊಡನೆಯೇ ಮಾತಾಡುತ್ತದೆ. ನಾವು ಯಂತ್ರವನ್ನು ಅಡ್ಡ ಹಿಡಿದರೆ ಆ ಮಾತನ್ನು ಕೇಳುವವರಾರು? ಅನುಮತಿ ಯಾವಾಗ, ಯಾವ ನೃತ್ಯಕ್ಕೆ ಎಂಬುದನ್ನು ವ್ಯವಸ್ಥಾಪಕರು ಮೊದಲೇ ಸಾರಲಿ. ನಾನಂತೂ ಈಗ ಕೇಳಿಯೇ ಚಿತ್ರ ತೆಗೆಯುತ್ತೇನೆ. ಅದೂ ಅಲಾರಿಪ್ಪುವಿನಲ್ಲಿ, ಮಿಂಚಿಲ್ಲದೆ. ಪದ ಆರಂಭವಾದೊಡನೆ ಕ್ಯಾಮೆರಾ ಚೀಲ ಸೇರುತ್ತದೆ.